ಎಡ ಹಾಕಿದರೆ ಬಲವೂ

ಮದ್ದೂರಿನಲ್ಲಿ ಹದಿನೆಂಟು ವರ್ಷದಿಂದ ಕಾರಿನ ವೈರಿಂಗ್ ಮಾಡುತ್ತಿದ್ದೇನೆ. ಕೆಟ್ಟ ಕಾರು ನನಗೆ ಎಂದೂ ತಲೆನೋವಲ್ಲ. ತಲೆನೋವೆಂದರೆ ಕೆಲಸ ಅರ್ಧಂಬರ್ಧ ಬಲ್ಲ ಗಿರಾಕಿ. ಅಂಥವರಲ್ಲಿ ಮೊದಲಿಗರು ರಿಟೈರ್ಡ್ ಲೈನ್‌ಮನ್ ಮರಿಸಿದ್ದಯ್ಯ.

ಹೋದ ತಿಂಗಳು ಅವರ ಹಳೇ ಕಾರಿಗೆ ರಿಮೋಟ್ ಲಾಕ್ ಹಾಕಿಕೊಟ್ಟಿದ್ದೆ. ಇವತ್ತು ಬೆಳಿಗ್ಗೆ ಅದೇ ಕಾರು ಅಂಗಡಿ ಮುಂದೆ ಬಂದು ನಿಂತಿತು. ಓಡಿಸಿಕೊಂಡು ಬಂದವಳು ಮಗಳು ಹೇಮಶ್ರೀ. ಅತ್ತು ಕೆಂಪಾದ ಮುಖ. ಪಕ್ಕದಲ್ಲಿ ಅಪ್ಪ.

"ಲಾ ವಾಜಿದ್, ಆ ನಾಕೂ ಲೈಟು ಒಟ್ಗೆ ಮಿಣುಕೋ ಸ್ವಿಚ್ ಕಿತ್ತಾಕ್ಬುಡು. ಇವ್ಳ್ಗೆ ಎಡ ಯಾವ್ದು, ಬಲ ಯಾವ್ದು ತಿಳಿಯಾಕಿಲ್ಲ. ಅದ್ನೇ ಒತ್ಬುಡ್ತಾಳೆ. ಇದೇ ಕಾರಲ್ಲಿ ಲೈಸೆನ್ಸ್ ಟೆಸ್ಟ್‌ಗೋಗಿ ಎಲ್ಡು ಸಲ ಫೇಲು."

"ಆ ಸ್ವಿಚ್ ನಾನು ಮುಟ್ಟೇ ಇಲ್ಲ ವಾಜಿದಣ್ಣ," ಎಂದಳು ಹೇಮಶ್ರೀ. ಹನ್ನೊಂದು ಗಂಟೆಗೆ ಮಂಡ್ಯದಲ್ಲಿ ಮೂರನೇ ಟೆಸ್ಟು. ಪಂಚಾಯ್ತಿಯ ಕಸದ ಗಾಡಿ ಓಡಿಸುವ ಕೆಲಸ ಅವಳಿಗೆ ಸಿಕ್ಕಿತ್ತು. ಸೋಮವಾರದೊಳಗೆ ಲೈಸೆನ್ಸ್ ತೋರಿಸದಿದ್ದರೆ ಅದು ಬೇರೆಯವರ ಪಾಲು.

ನಾನೇ ಕೂತು ಎಡಗಡೆ ಇಂಡಿಕೇಟರ್ ಹಾಕಿದೆ. ಎರಡೂ ಕಡೆ ಮಿಣುಕಿತು. ಡ್ಯಾಶ್‌ಬೋರ್ಡ್ ಕೆಳಗಿನ ಮುಚ್ಚಳ ಬಿಚ್ಚಿದೆ. ನಾನು ಹಾಕಿದ್ದ ಎರಡು ಡಯೋಡು ಅಲ್ಲಿರಲಿಲ್ಲ. ಅವುಗಳ ಜಾಗದಲ್ಲಿ ಕರೆಂಟ್ ಕಂಬದ ಮೇಲೆ ಮಾಡುವಂಥ ಗಟ್ಟಿ ಜಾಯಿಂಟು, ಮೇಲೆ ನೀಟಾಗಿ ಸುತ್ತಿದ ಟೇಪು.

"ಇಲ್ಲಿದ್ದ ಡಯೋಡೆಲ್ಲಿ ಸಿದ್ದಯ್ಯಣ್ಣ?"

"ಆ ಕರೀ ತುಂಡಾ? ನಿನ್ ಕೆಲ್ಸ ಎಂಗದೆ ಅಂತ ಚೆಕ್ ಮಾಡ್ದೆ. ಲೈಟ್ ಕಡೆಯಿಂದ ಕರೆಂಟ್ ಬುಟ್ರೆ ಈಚೆಗೆ ಬರ್ನೇ ಇಲ್ಲ. ಸತ್ತೋಗವೆ ಅಂತ ಕಿತ್ತಾಕಿ ಡೈರೆಕ್ಟ್ ಮಾಡ್ದೆ. ಮೂವತ್ತೊರ್ಸ ಕಂಬ ಅತ್ತಿವ್ನಿ ಕಣ್ಲಾ."

ನನಗೆ ಮೈ ಉರಿಯಿತು. "ಈಚೆಗೆ ಬರಬಾರ್ದು ಅಂತ್ಲೇ ಅದ್ನ ಆಕಿರದು. ರಿಮೋಟ್ ಒತ್ತಿದ್ರೆ ಇಂಡಿಕೇಟರ್ ಮಿಣುಕ್ಲಿ ಅಂತ ಅದ್ರ ಒಂದೇ ವೈರು ಎಲ್ಡೂ ಕಡೆ ಲೈಟಿಗೆ ಓಯ್ತದೆ. ವಾಪಸ್ ಬರೋ ಕರೆಂಟ್ನ ಡಯೋಡು ತಡೀತದೆ. ಅದಿಲ್ದಿದ್ರೆ ಎಡಕ್ಕೆ ಕೊಟ್ಟಿದ್ದು ಇದೇ ದಾರೀಲಿ ಬಲಕ್ಕೂ ನುಗ್ತದೆ."

ಮರಿಸಿದ್ದಯ್ಯ ಟವಲ್ಲಿನಿಂದ ಮುಖ ಒರೆಸಿಕೊಂಡರು. ಹೇಮಶ್ರೀ ಆ ಜಾಯಿಂಟನ್ನೇ ನೋಡುತ್ತಿದ್ದಳು.

"ನನ್ ಮಗ್ಳಿಗೆ ಎಡ ಬಲ ತಿಳಿಯಾಕಿಲ್ಲ ಅಂತ ಊರಿಗೆಲ್ಲ ಏಳ್ಕಂಡು ಬಂದ್ಯಲ್ಲಪ್ಪ," ಎಂದಳು. ನನಗೂ ಸಂಕಟವಾಯಿತು.

ಕರೀ ಮೈ ಮೇಲಿನ ಬೆಳ್ಳಿ ಗೆರೆ ಲೈಟಿನ ಕಡೆಗೆ ಬರುವಂತೆ ಎರಡು ಹೊಸ ಡಯೋಡು ಹಾಕಿದೆ. ಎಡಕ್ಕೆ ಎಡ, ಬಲಕ್ಕೆ ಬಲ. ಮುಚ್ಚಳಕ್ಕೆ ಎರಡು ಸ್ಕ್ರೂ ಹೆಚ್ಚಿಗೇ ಬಿಗಿದು ಕಳಿಸಿದೆ.

ಒಂದು ಗಂಟೆಗೆ ಹೇಮಶ್ರೀ ಫೋನು ಮಾಡಿದಳು. "ಪಾಸಾದೆ ವಾಜಿದಣ್ಣ." ನನಗೆ ಉಸಿರು ಬಂದಂತಾಯಿತು. ಅವಳ ಹಿಂದೆ ಮರಿಸಿದ್ದಯ್ಯ ಯಾರಿಗೋ ಜೋರಾಗಿ ಹೇಳುತ್ತಿದ್ದುದು ನನಗೂ ಕೇಳಿಸಿತು.

"ನನ್ ಮಗ್ಳು ಮೊದ್ಲಿಂದ್ಲೂ ಸರ್ಯಾಗೇ ಆಕ್ತಿದ್ಲು ಕಣ್ಲಾ. ಆ ವಾಜಿದ್ ಮಾಡಿದ್ ವೈರಿಂಗೇ ಸರಿ ಇರ್ನಿಲ್ಲ."