ವಾರಕ್ಕೊಂದು ಚಮಚ ಕಡಿಮೆ

ಕಣ್ಣಿನ ಡಾಕ್ಟರು ಅಪ್ಪನಿಗೆ ಮೂರು ತಿಂಗಳು ಕೊಟ್ಟಿದ್ದರು. ಎಡಗಣ್ಣು ಆಗಲೇ ಹೋಗಿತ್ತು. ರಕ್ತದ ಸಕ್ಕರೆ ಇಳಿದರೆ ಬಲಗಣ್ಣನ್ನು ಉಳಿಸಿಕೊಳ್ಳಬಹುದು, ಇಳಿಯದಿದ್ದರೆ ಅದರೊಳಗೂ ರಕ್ತ ಒಸರುತ್ತದೆ ಎಂದಿದ್ದರು. ಅಪ್ಪ ಕೈಗಡಿಯಾರ ರಿಪೇರಿ ಮಾಡುವವನು. ಎಳ್ಳಿಗಿಂತ ಸಣ್ಣ ಸ್ಕ್ರೂಗಳನ್ನು ಚಿಮಟದಲ್ಲಿ ಹಿಡಿದು ಮೂವತ್ತು ವರ್ಷ ಬಾಳಿದವನು.

"ಊಟ ಬಿಗಿ ಮಾಡಿ," ಎಂದು ಡಾಕ್ಟರು ಅಮ್ಮನಿಗೆ ಹೇಳಿದ್ದರು. "ಆದ್ರೆ ಪೂರ್ತಿ ಕಟ್ಟಿಹಾಕ್ಬೇಡಿ. ಭಾನುವಾರ ಬೆಂಕಿಪೊಟ್ಟಣದಷ್ಟು ಏನಾದ್ರೂ ಸಿಹಿ ಕೊಡಿ. ಕಾಯೋಕೆ ಒಂದು ಆಸೆ ಇಲ್ದಿದ್ರೆ ಯಾರೂ ಪಥ್ಯ ಮಾಡಲ್ಲ."

ಸೋಮವಾರದಿಂದ ಶನಿವಾರದವರೆಗೆ ಬೇಯಿಸಿದ ಬೀನ್ಸ್, ಎಲೆಕೋಸು, ಮೆಣಸು ಹಾಕಿದ ತೆಳ್ಳನೆಯ ಸೂಪು, ಒಂದು ಮೊಟ್ಟೆ. ಅಪ್ಪ ತಟ್ಟೆಯನ್ನು ಮೂಗಿನ ಹತ್ತಿರ ತಂದು ನೋಡುತ್ತಿದ್ದ.

"ಇದನ್ನ ಹಸು ಮುಂದೆ ಇಟ್ರೆ ಅದೂ ಒಂದ್ಸಲ ನನ್ನ ಮುಖ ನೋಡತ್ತೆ ಕಣೇ."

"ಹಸುಗೆ ಅಂಗಡಿ ಇಲ್ಲ. ನಿಮಗಿದೆ. ಸುಮ್ನೆ ತಿನ್ರೀ."

ಅವನು ತಿನ್ನುತ್ತಿದ್ದ. ಗುರುವಾರದ ಹೊತ್ತಿಗೆ ಬೆರಳು ಮಡಿಸಿ ಭಾನುವಾರಕ್ಕೆ ಎಷ್ಟು ದಿನ ಉಳಿಯಿತೆಂದು ನನಗೆ ತೋರಿಸುತ್ತಿದ್ದ. ಭಾನುವಾರ ಅಮ್ಮ ಕೇಕು ಮಾಡುತ್ತಿದ್ದಳು. ಬೆಣ್ಣೆ, ಮೊಟ್ಟೆ, ಹನ್ನೆರಡು ಚಮಚ ಸಕ್ಕರೆ. ಅಪ್ಪನಿಗೆ ಒಂದು ತುಂಡು. ಅದನ್ನು ತಿನ್ನಲು ಅವನಿಗೆ ಅರ್ಧ ಗಂಟೆ ಬೇಕಾಗುತ್ತಿತ್ತು.

ಎರಡನೆಯ ಭಾನುವಾರವೇ ಅಮ್ಮನ ತಲೆಗೊಂದು ಹುಳ ಹೊಕ್ಕಿತು. ಅವಳು ಆಸ್ಪತ್ರೆಯ ಔಷಧ ವಿಭಾಗದ ಕಿಟಕಿಯ ಹಿಂದೆ ಮಾತ್ರೆ ಎಣಿಸಿಕೊಡುವವಳು.

"ನಿದ್ದೆಮಾತ್ರೆ ಅಭ್ಯಾಸ ಆದೋರಿಗೆ ಹೆಂಗೆ ಬಿಡಿಸ್ತೀವಿ ಗೊತ್ತಾ?" ಎಂದು ಹಿಟ್ಟು ಕಲಸುತ್ತಾ ನನ್ನ ಕಿವಿಯಲ್ಲಿ ಉಸುರಿದಳು. "ಕಾಲು ಕಾಲು ಭಾಗ ಇಳಿಸ್ತಾ ಬರೋದು. ದೇಹಕ್ಕೆ ಗೊತ್ತೇ ಆಗಲ್ಲ. ವಾರಕ್ಕೊಂದು ಚಮಚ ತೆಗೀತೀನಿ. ನೀನು ಬಾಯಿ ಬಿಟ್ಟೆಯೋ, ನೋಡು!"

ನಾನು ಬಾಯಿ ಬಿಡಲಿಲ್ಲ. ಸಕ್ಕರೆ ಇಳಿದಂತೆ ಕೇಕಿನ ಮೇಲಿನ ಕಂದು ಬಣ್ಣವೂ ಇಳಿಯಿತು. ಅಮ್ಮ ಹಾಲು ಸವರಿ ಸರಿಮಾಡಿದಳು, ವೆನಿಲ್ಲಾ ಎರಡು ಹನಿ ಹೆಚ್ಚು ಹಾಕಿದಳು. ಹತ್ತನೆಯ ವಾರ ನಾನೊಂದು ಚೂರು ಬಾಯಿಗಿಟ್ಟೆ. ಒದ್ದೆ ಸ್ಪಂಜಿನ ಹಾಗಿತ್ತು. ಅಪ್ಪ ಮಾತ್ರ ಪ್ರತಿ ಸಲವೂ ಕಣ್ಣು ಮುಚ್ಚಿ, "ಆಹಾ, ನಿನ್ನ ಕೈಯಲ್ಲಿ ಏನೋ ಇದೆ ಕಣೇ," ಎನ್ನುತ್ತಿದ್ದ. ಅಮ್ಮ ಅವನ ತಲೆಯ ಮೇಲಿಂದ ನನಗೆ ಕಣ್ಣು ಮಿಟುಕಿಸುತ್ತಿದ್ದಳು. ಆ ಮೂರು ತಿಂಗಳಲ್ಲಿ ನಾನು ಅವಳನ್ನು ಕಂಡಷ್ಟು ಖುಷಿಯಲ್ಲಿ ಬೇರೆ ಯಾವಾಗಲೂ ಕಂಡಿಲ್ಲ.

ಮೂರು ತಿಂಗಳಾದ ಮೇಲೆ ಮತ್ತೆ ಡಾಕ್ಟರ ಹತ್ತಿರ ಹೋದೆವು. ರಕ್ತದ ವರದಿಯಲ್ಲಿ ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಅಂಕಿ ಇಳಿಯುವ ಬದಲು ಒಂಬತ್ತರಿಂದ ಹನ್ನೊಂದಕ್ಕೆ ಏರಿತ್ತು. ಡಾಕ್ಟರು ಅಪ್ಪನ ಬಲಗಣ್ಣಿಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು.

"ಒಳಗೆ ರಕ್ತ ಒಸರಿದೆ. ಗೋಡೆ, ಬಾಗಿಲು, ಮನುಷ್ಯರು ಕಾಣೋ ಅಷ್ಟು ಉಳಿಸ್ಕೊಳ್ಳೋಕೆ ನೋಡೋಣ. ಗಡಿಯಾರದ ಕೆಲಸ ಇನ್ನಾಗಲ್ಲ."

ಅಮ್ಮ ಚೀಲದಿಂದ ನೋಟುಪುಸ್ತಕ ತೆಗೆದಳು. ಪ್ರತಿ ಊಟದ ತೂಕ ಅದರಲ್ಲಿತ್ತು. "ಡಾಕ್ಟ್ರೇ, ಇದರಲ್ಲಿ ಒಂದು ಗ್ರಾಂ ಹೆಚ್ಚುಕಮ್ಮಿ ಇದ್ರೆ ಹೇಳಿ."

ಅವರು ಪುಸ್ತಕವನ್ನು ತೆರೆಯಲಿಲ್ಲ. "ನಿಮ್ಮ ಅಡುಗೆಮನೆ ಸರಿಯಾಗಿದೆಯಮ್ಮಾ. ಇವರ ಅಂಗಡಿ ಪಕ್ಕ ಏನಿದೆ?"

"ಬೇಕರಿ," ಎಂದೆ ನಾನು.

ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಕೂತೆವು. ಅಮ್ಮನ ದನಿ ಏರಲಿಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

"ಯಾವಾಗಿಂದ?"

"ಐದನೇ ವಾರದಿಂದ. ದಿನಾ ಕ್ರೀಮ್ ಬನ್ನು. ಒಂದೊಂದು ದಿನ ಎರಡು."

"ಭಾನುವಾರ ಕೊಡ್ತಿದ್ನಲ್ರೀ!"

ಅಪ್ಪ ಅವಳ ಕಡೆ ತಿರುಗಿದ, ಅವಳ ಮುಖ ಎಲ್ಲಿದೆಯೆಂದು ಹುಡುಕುವವನ ಹಾಗೆ. "ದಿನಕ್ಕೆ ನಾಲ್ಕು ಸೆಕೆಂಡ್ ಹಿಂದೆ ಬೀಳೋ ಗಡಿಯಾರ ಗೊತ್ತಾಗತ್ತೆ ನಂಗೆ. ಒಂದು ಚಮಚ ಸಕ್ಕರೆ ಗೊತ್ತಾಗಲ್ವಾ?"

ಅಮ್ಮ ನೋಟುಪುಸ್ತಕವನ್ನು ಚೀಲದೊಳಗೆ ತುರುಕಿದಳು.

"ಮತ್ತೆ ಆಹಾ ಓಹೋ ಅಂತಿದ್ಯಲ್ಲ?" ಎಂದು ನಾನೇ ಕೇಳಿದೆ.

"ನಿಮ್ಮಮ್ಮ ಅಷ್ಟು ಆಸೆಯಿಂದ ನನ್ನ ಬಾಯಿ ನೋಡ್ತಿದ್ಲು. ಹೆಂಗೆ ಹೇಳೋದು? ಆ ಒಂದು ತುಂಡಿಗೋಸ್ಕರ ಆರು ದಿನ ಸೊಪ್ಪುಸದೆ ತಿಂದೆ ಕಣಮ್ಮಾ. ಅದೂ ಇಲ್ಲ ಅಂತಾದ್ಮೇಲೆ ಯಾವುದಕ್ಕೆ ಕಾಯ್ಲಿ?"

"ಒಂದು ಮಾತು ಬೈದಿದ್ರೆ ಆಗ್ತಿತ್ತು," ಎಂದಳು ಅಮ್ಮ. "ತಟ್ಟೆ ಎಸೆದಿದ್ರೂ ಆಗ್ತಿತ್ತು."

"ನೀನೂ ಒಂದು ಮಾತು ಹೇಳಿದ್ರೆ ಆಗ್ತಿತ್ತು."

ಇಬ್ಬರೂ ಹೇಳಿದ್ದು ಸರಿಯಾಗಿಯೇ ಇತ್ತು. ಅದರಿಂದ ಯಾರಿಗೂ ಏನೂ ಸಿಗಲಿಲ್ಲ. ನರ್ಸು ಬಂದು ಮುಂದಿನ ತಾರೀಖಿನ ಚೀಟಿಯನ್ನು ನನ್ನ ಕೈಗೆ ಕೊಟ್ಟಳು.

ಮರುದಿನ ಬೆಳಿಗ್ಗೆ ಅಪ್ಪ ಅಂಗಡಿಗೆ ಹೊರಟ. ನಾನೂ ಹೋದೆ. ದೀಪವನ್ನು ಹತ್ತಿರಕ್ಕೆಳೆದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಒಂದು ಲೇಡೀಸ್ ವಾಚಿನ ಹಿಂಬದಿ ಬಿಚ್ಚಿದ. ಚಿಮಟ ಎರಡು ಸಲ ಗಾಳಿಯನ್ನು ಹಿಡಿಯಿತು. ಮೂರನೆಯ ಸಲ ಸ್ಕ್ರೂ ಹಾರಿ ನೆಲಕ್ಕೆ ಬಿತ್ತು. ನಾನು ಮಂಡಿಯೂರಿ ಹುಡುಕಿಕೊಟ್ಟೆ. ಮತ್ತೆ ಬಿತ್ತು. ಮತ್ತೆ ಹುಡುಕಿಕೊಟ್ಟೆ. ಐದನೆಯ ಸಲ ಅಪ್ಪ ಕೈ ಚಾಚಲಿಲ್ಲ. ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟ.

"ಒಂದು ಕಾಗದ ತಗೋ. ಬಾಗಿಲಿಗೆ ಅಂಟಿಸೋಣ."

ಕಾಗದ, ಪೆನ್ನು ತೆಗೆದುಕೊಂಡೆ. "ಏನಂತ ಬರೀಲಿ ಅಪ್ಪಾ? ರಜೆ ಅಂತ ಬರೀಲಾ?"

"ಬೇಡ," ಎಂದ. "ರಜೆ ಅಂದ್ರೆ ಜನ ಮತ್ತೆ ಬರ್ತಾರೆ."