ಮೊಂಡಕ್ಕನ ಹಣ್ಣು

"ರೂಬಿ ಡ್ರೀಮ್," ಎಂದ ಮಾರಾಟದವನು, ಸೇಬಿನ ಹೋಳನ್ನು ಕಿಟಕಿಯ ಬೆಳಕಿಗೆ ಹಿಡಿದು. "ಹೇಗಿದೆ ಸರ್? ಬಾಯಲ್ಲಿಟ್ಟರೆ ಕರಗೋ ಹಾಗಿರಬೇಕು ಹೆಸರು."

ಮೇಜಿನ ತುದಿಯಲ್ಲಿ ಹಣ್ಣು ಹೆಚ್ಚುತ್ತಿದ್ದ ಹೆಂಗಸಿನ ಚಾಕು ನಿಂತಿತು. ಆ ಸೇಬಿನ ತೋಟದಲ್ಲಿ ಇಪ್ಪತ್ತಾರು ವರ್ಷದಿಂದ ಕಸಿ ಕಟ್ಟುತ್ತಿದ್ದವಳು ಅವಳು. ಇವತ್ತು ಹಣ್ಣು ಹೆಚ್ಚಿಕೊಡಲಷ್ಟೇ ಆಫೀಸು ಕೋಣೆಗೆ ಕರೆಸಿದ್ದರು.

"ಈ ಹಣ್ಣು ಕರಗಲ್ಲ ಸರ್, ಕಟುಂ ಅನ್ನುತ್ತೆ. ಆಮೇಲೆ, ಇದಕ್ಕೆ ಆಗಲೇ ಹೆಸರಿದೆ. ಮೊಂಡಕ್ಕ."

ಮಾರಾಟದವನು ಗೊಳ್ಳೆಂದು ನಕ್ಕ. ತೋಟದ ಯಜಮಾನರು ನಗಲಿಲ್ಲ. ಅದು ಯಾರ ಹೆಸರೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಮೊಂಡಕ್ಕ ಅಂದರೆ ಕಸಿಯವಳ ಸ್ವಂತ ಅಕ್ಕ. ಪ್ಯಾಕಿಂಗ್ ಶೆಡ್ಡಿನಲ್ಲಿ ಹಣ್ಣು ಆರಿಸುವ ಕೆಲಸದಲ್ಲಿದ್ದಳು. ಯಾರೋ ತಿಂದೆಸೆದ ಸೇಬಿನ ಬೀಜವೊಂದು ಶೆಡ್ಡಿನ ಹಿಂದೆ ಚರಂಡಿಯ ಅಂಚಿಗೆ ಮೊಳೆತಾಗ, ಅದಕ್ಕೆ ಇಟ್ಟಿಗೆ ಸುತ್ತಿಟ್ಟು, ಕೈ ತೊಳೆದ ನೀರು ಹೊಯ್ದು ಬೆಳೆಸಿದವಳು ಅವಳೇ. ಎಂಟು ವರ್ಷವಾದರೂ ಗಿಡ ಒಂದೂ ಹೂ ಬಿಡಲಿಲ್ಲ. ಲಾರಿ ತಿರುಗಿಸಲು ಜಾಗ ಬೇಕೆಂದು ಯಜಮಾನರು ಕೊಡಲಿ ಕೊಟ್ಟು ಆಳು ಕಳಿಸಿದರು. ಅಕ್ಕ ಕಾಂಡಕ್ಕೆ ಬೆನ್ನು ಕೊಟ್ಟು ಕೂತುಬಿಟ್ಟಳು. "ಇನ್ನೊಂದು ವರ್ಷ ನೋಡಿ. ಆಗಲೂ ಹೂ ಬಿಡದಿದ್ರೆ ನಾನೇ ಕಡೀತೀನಿ" ಎಂದವಳು ಸಂಜೆಯವರೆಗೂ ಮೇಲೇಳಲಿಲ್ಲ. ಕೊಡಲಿಯವನು ಬೇಸತ್ತು ಹೊರಟುಹೋದ. ಮೊಂಡಕ್ಕ ಎಂಬ ಹೆಸರು ಬಿದ್ದದ್ದು ಅವತ್ತು. ಮರುವರ್ಷ ಗಿಡದಲ್ಲಿ ಇಪ್ಪತ್ತೊಂದು ಹಣ್ಣು; ಶೆಡ್ಡಿನವರು ಅದಕ್ಕೂ ಅದೇ ಹೆಸರಿಟ್ಟರು. ತಂಗಿ ಅದರ ಕಡ್ಡಿ ತೆಗೆದು ಕಸಿ ಕಟ್ಟಿದಳು. ಈಗ ಮೂರು ಸಾಲು ಮರ ಫಲಕ್ಕೆ ಬಂದಿದ್ದವು. ಉಗ್ರಾಣದಲ್ಲಿ ಬೇರೆ ತಳಿಗಳೆಲ್ಲ ಮೆತ್ತಗಾದ ಮೇಲೂ ಈ ಹಣ್ಣು ಗಟ್ಟಿಯಾಗಿಯೇ ಇರುತ್ತಿತ್ತು.

"ಮೊಂಡಕ್ಕ ಅಂತ ಬರೆದ್ರೆ ಯಾರಮ್ಮ ಕೊಳ್ತಾರೆ?" ಎಂದ ಮಾರಾಟದವನು.

"ಗ್ರಾನಿ ಸ್ಮಿತ್ ಸೇಬು ಕೊಳ್ತಾರಲ್ಲ? ಗ್ರಾನಿ ಅಂದ್ರೆ ಅಜ್ಜಿ ತಾನೆ? ಆ ಅಜ್ಜಿಯ ತಿಪ್ಪೇಲಿ ಹುಟ್ಟಿದ್ದಂತೆ ಅದು, ಯಜಮಾನ್ರೇ ಒಂದ್ಸಲ ಹೇಳಿದ್ರು. ಮ್ಯಾಕಿಂತಾಷ್ ಸೇಬಿಗೂ ಒಬ್ಬ ರೈತನ ಹೆಸರಂತೆ. ಅಜ್ಜಿ ಹೆಸರಲ್ಲಿ ಹಣ್ಣು ನಡೀಬಹುದು, ಅಕ್ಕನ ಹೆಸರಲ್ಲಿ ನಡೀಬಾರದಾ?"

"ಸಾಕು," ಎಂದರು ಯಜಮಾನರು. ಒಂದು ಕಾಗದ ಮುಂದೆ ತಳ್ಳಿದರು. ತಳಿ ನೋಂದಣಿಯ ಅರ್ಜಿ. ಗಿಡ ಎಲ್ಲಿಂದ ಬಂತು ಎಂಬಲ್ಲಿ 'ನಮ್ಮ ತೋಟದ ಸಂಶೋಧನೆ' ಎಂದು ಬರೆದಿತ್ತು. ಕೆಳಗೆ ಕಸಿ ಕಟ್ಟಿದವರ ಸಹಿಗೆ ಜಾಗ. "ಸಹಿ ಹಾಕಿ ಹೋಗು."

"ಸುಳ್ಳಿಗೆ ಹಾಕಲ್ಲ ಯಜಮಾನ್ರೇ."

"ಹಾಗಿದ್ರೆ ನಾಳೆಯಿಂದ ಬರಬೇಡ."

ಅವಳು ಚಾಕು ಒರೆಸಿ, ಮಡಚಿ, ಮೇಜಿನ ಮೇಲಿಟ್ಟಳು. "ಚಾಕು ತೋಟದ್ದು. ಕೈ ನಂದೇ," ಎಂದು ಹೊರಬಂದಳು.

ಸಂಜೆ ಸುದ್ದಿ ಕೇಳಿದ ಅಕ್ಕ ಬೈದಳು. ಮಂಡಿನೋವಿನಿಂದ ಅವಳು ಕೆಲಸ ಬಿಟ್ಟು ಎರಡು ವರ್ಷವಾಗಿತ್ತು. "ನನ್ನ ಹೆಸರು ಕಟ್ಕೊಂಡು ಏನಾಗ್ಬೇಕೇ? ಹಣ್ಣಿಗೇನು ಕಿವಿ ಇದೆಯಾ, ಕರೆದರೆ ಓ ಅನ್ನೋಕೆ? ಹೋಗಿ ಸಹಿ ಹಾಕು."

"ಕೊಡಲಿಯವನು ಏಳು ಅಂದಾಗ ನೀನು ಎದ್ದಿದ್ಯಾ?"



ಮರುದಿನ ಮೊದಲ ಬಸ್ಸಿಗೇ ತಂಗಿ ನೋಂದಣಿ ಕಚೇರಿಗೆ ಹೋದಳು. ಸಾಹೇಬರು ರಜೆಯಲ್ಲಿದ್ದಾರೆ ಎಂದರು ಅಲ್ಲಿಯವರು. ಇನ್ನೊಂದು ದಿನ ಮೀಟಿಂಗ್ ಎಂದರು. ಮೂರನೆಯ ಸಲ ಬಾಗಿಲ ಪಕ್ಕದ ಬೆಂಚಿನಲ್ಲಿ ಅವಳು ಎಷ್ಟು ಹೊತ್ತು ಕೂತಳೆಂದರೆ, ಜವಾನನೇ ಅವಳಿಗೊಂದು ಲೋಟ ಚಹಾ ತಂದುಕೊಟ್ಟು ಒಳಗೆ ಹೋಗಿ ಹೇಳಿದ. ಕನ್ನಡಕದ ಅಧಿಕಾರಿ ಎಲ್ಲವನ್ನೂ ಕೇಳಿಸಿಕೊಂಡರು. ಯಜಮಾನರು ಕಳಿಸಿದ ಅರ್ಜಿ ಆಗಲೇ ಅವರ ಮೇಜಿನ ಮೇಲಿತ್ತು, ಸಹಿಯ ಜಾಗ ಖಾಲಿ.

"ನೋಡಮ್ಮ, ಯಾರ ಪ್ರೀತಿಗೆ ಯಾವ ಹೆಸರು ಅನ್ನೋದು ನನ್ನ ಕೆಲಸ ಅಲ್ಲ. ಆದ್ರೆ ಜನ ಆಗಲೇ ಒಂದು ಹೆಸರಲ್ಲಿ ಕರೀತಿದ್ರೆ, ಅದನ್ನ ಬಿಟ್ಟು ಇನ್ನೊಂದನ್ನ ನಾನು ಬರೆಯೋ ಹಾಗಿಲ್ಲ. ಬಂದು ನೋಡ್ತೀನಿ."

ವಾರದ ಬಳಿಕ ಅವರು ತೋಟಕ್ಕೆ ಬಂದರು. ಮೂರು ಸಾಲು ನೋಡಿದರು, ಎಲೆ ಅಳೆದರು. ಆಮೇಲೆ ಒಂದು ಹಣ್ಣು ಹಿಡಿದು ನೇರ ಪ್ಯಾಕಿಂಗ್ ಶೆಡ್ಡಿಗೆ ನಡೆದರು. ಯಜಮಾನರು ಹಿಂದೆಯೇ ಓಡಿದರು. ಕಸಿಯವಳು ಗೇಟಿನ ಹೊರಗೆ ನಿಂತಿದ್ದಳು.

"ಇದಕ್ಕೆ ಏನಂತೀರಿ?" ಎಂದು ಅಧಿಕಾರಿ ಹಣ್ಣನ್ನು ಎತ್ತಿ ತೋರಿಸಿದರು.

ಮೂವತ್ತು ಹೆಂಗಸರು ಯಜಮಾನರ ಮುಖ ನೋಡಿದರು. ಮೂಲೆಯಲ್ಲಿ ಒಬ್ಬಳು ಕೆಮ್ಮಿದಳು. "ಮೊಂಡಕ್ಕ," ಎಂದಳು. ಪಕ್ಕದವಳೂ ಅಂದಳು. ಆಮೇಲೆ ಇಡೀ ಶೆಡ್ಡೇ ಅಂದಿತು; ಗೇಟಿನವರೆಗೂ ಕೇಳಿಸಿತು.

ಯಜಮಾನರು ಅಧಿಕಾರಿಯ ಕೈಯಿಂದ ಅರ್ಜಿ ಈಸಿಕೊಂಡು, ತಮ್ಮ 'ಸಂಶೋಧನೆ'ಯನ್ನು ಹೊಡೆದುಹಾಕಿದರು. "ಕೊಡಲಿ ಕಳಿಸಿದವನು ನಾನೇ," ಎಂದರು ಅಧಿಕಾರಿಗೆ. "ಅದನ್ನೂ ಬರೀಬೇಕಾ?"

"ಅದಕ್ಕೆ ಕಾಲಂ ಇಲ್ಲ ಸರ್."

ಯಜಮಾನರು ತಾವೇ ಗೇಟಿನವರೆಗೆ ಬಂದರು. "ಏನಮ್ಮ, ನಾಳೆ ಬರ್ತೀಯೋ, ನಿನ್ನನ್ನೂ ಕರೆಯೋಕೆ ಸರ್ಕಾರದವರೇ ಬರಬೇಕೋ?"

"ಬರ್ತೀನಿ. ಸಹಿ ಹಾಕೋದೂ ಇದೆಯಲ್ಲ," ಎಂದಳು ಅವಳು.

ಮುಂದಿನ ಸುಗ್ಗಿಯಲ್ಲಿ ಮೊದಲ ಲೋಡು ಹೊರಡುವ ದಿನ ಅಕ್ಕನನ್ನು ಆಟೋದಲ್ಲಿ ಕರೆತಂದರು. ಲಾರಿಯ ಪಕ್ಕದಲ್ಲಿ ಪೆಟ್ಟಿಗೆಗಳ ಸಾಲು; ಪ್ರತಿಯೊಂದರ ಮೇಲೂ ಹಸಿರು ಬಣ್ಣದ ದಪ್ಪ ಅಕ್ಷರದಲ್ಲಿ 'ಮೊಂಡಕ್ಕ'. ಅಕ್ಕನಿಗೆ ಓದಲು ಬರುತ್ತಿರಲಿಲ್ಲ. ಹಮಾಲಿ ಎತ್ತಿಕೊಂಡ ಪೆಟ್ಟಿಗೆಯೊಂದರ ಮುಂದೆ ಅವಳು ನಿಂತಳು.

"ಇದರಲ್ಲಿ ಅಕ್ಕ ಎಲ್ಲಿದೆಯೇ?"

ತಂಗಿ ಅವಳ ಬೆರಳನ್ನು ಹಿಡಿದು ಕೊನೆಯ 'ಕ್ಕ' ಅಕ್ಷರದ ಮೇಲಿಟ್ಟಳು. ಅಕ್ಕ ಬೆರಳನ್ನು ಒತ್ತಿನ ಸುತ್ತ ಮೆಲ್ಲಗೆ ಆಡಿಸಿದಳು. ಡ್ರೈವರು ಒಮ್ಮೆ ಹಾರ್ನ್ ಹೊಡೆದ. ಹಮಾಲಿ ಪೆಟ್ಟಿಗೆಯನ್ನು ಎದೆಗೆ ಆನಿಸಿಕೊಂಡು, ಅಲುಗಾಡದೆ ನಿಂತೇ ಇದ್ದ.