ಹಾಲವ್ವನ ಪಾಳಿ

"ಹಾಲವ್ವನ ಪಾಳಿ ರಾತ್ರಿ ಎರಡಕ್ಕ ಹೆಂಗ ಬಂತು?"

ರೂಪಾಲಿ ಹೀಗೆ ಕೇಳಿದಾಗ ಕಚೇರಿಯಲ್ಲಿ ಯಾರೂ ಇರಲಿಲ್ಲ. ತಾಳೆ ನೋಡಲೆಂದು ಮೇಜಿನ ಮೇಲೆ ಪಾಳಿಯ ಎರಡು ಯಾದಿ ಇದ್ದವು, ಕಂಪ್ಯೂಟರಿನ ಹಳೆಯ ಪ್ರೋಗ್ರಾಮಿನದೊಂದು, ಹೊಸದರದೊಂದು. ಹಳೆಯದರ ಪ್ರಕಾರ ಹಾಲವ್ವನ ಹೊಲಕ್ಕೆ ನೀರು ಮಧ್ಯಾಹ್ನ ಹನ್ನೆರಡಕ್ಕೆ.

ಉಟಗಿಯ ಈ ನೀರಿನ ಸಂಸ್ಥೆಯಲ್ಲಿ ಅವಳಿಗೆ ಹನ್ನೊಂದು ವರ್ಷ. ಪಾಳಿ ಹಂಚುವ ಹಳೆಯ ಪ್ರೋಗ್ರಾಮು ಬರೆದವನು ಎಂದೋ ಬಿಟ್ಟುಹೋಗಿದ್ದ. ತೇಪೆ ಹಚ್ಚುತ್ತ ಬಂದವಳು ಇವಳೇ. ಈಗ ಸಾಂಗಲಿಯ ವಿಜಯಕುಮಾರ ಅದನ್ನು ತುಸುತುಸುವೇ ಹೊಸದಕ್ಕೆ ಸಾಗಿಸುತ್ತಿದ್ದ. ನೀರು ಒಂದು ದಿನವೂ ನಿಲ್ಲುವಂತಿರಲಿಲ್ಲ. ಮೊದಲು ಹೆಸರು ಹೋದವು, ಆಮೇಲೆ ಹೊಲ ಹೋದವು, ಫೋನಿಗೆ ಕಳಿಸುವ ಸಂದೇಶವೂ ಹೋಯಿತು. ಪಾಳಿ ಹಂಚುವುದೊಂದು ಉಳಿಯಿತು. ಅದು ಉಳಿದಷ್ಟು ದಿನ ರೂಪಾಲಿಯೂ ಉಳಿಯಬೇಕು. ಮಿರಜದ ಆಸ್ಪತ್ರೆಯೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಮಗಳು ಸೃಷ್ಟಿ ಅಲ್ಲೇ ಹಾಸ್ಟೆಲಿನಲ್ಲಿದ್ದಳು. ಸೋಮವಾರ ಹಾಜರಾಗದಿದ್ದರೆ ಆ ಜಾಗ ಬೇರೆಯವರಿಗೆ.

ವಿಜಯಕುಮಾರ ಬಂದು ನೋಡಿ, ಹೊಸದರ ತಪ್ಪೇನಿಲ್ಲ, ಹಾಲವ್ವನಿಗೆ ಹಗಲೇ ಕೊಡಬೇಕೆಂದು ಸಮಿತಿಯ ಯಾವ ಠರಾವಿನಲ್ಲೂ ಇಲ್ಲ ಎಂದ. ರೂಪಾಲಿಗೆ ಆಗ ನೆನಪಾಯಿತು. ಮಕ್ಕಳು ಕುರಿ ಹೊಡೆದುಕೊಂಡು ದೂರ ಹೋದಾಗ ಹಾಲವ್ವ ಒಬ್ಬಳೇ ಮರಿಗಳ ದೊಡ್ಡಿ ಕಾಯುತ್ತಾಳೆ. ಒಂದು ರಾತ್ರಿ ಪಾಳಿಯ ನೀರಿಗೆಂದು ಹೊಲಕ್ಕೆ ಹೋದಾಗ ದೊಡ್ಡಿಗೆ ತೋಳ ಬಂದಿತ್ತು. ಮರುದಿನ ಅವಳು ಈ ಕಚೇರಿಯ ಹೊಸ್ತಿಲಲ್ಲಿ ಕೂತು ಹೇಳಿದ್ದನ್ನು ಕೇಳಿ, ರೂಪಾಲಿ ಯಾರನ್ನೂ ಕೇಳದೆ, ಅವಳಿಗೆ ಹಗಲಿನ ಪಾಳಿಯೇ ಬರುವಂತೆ ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದ್ದಳು. ಹುಡುಕಿದರೆ ಅಂಥ ಸಾಲು ಮೂವತ್ತೊಂದು ಸಿಕ್ಕವು, ಒಂದೊಂದೂ ಯಾರೋ ಬಂದು ಹೇಳಿಕೊಂಡದ್ದು.

ಸಂಸ್ಥೆಯ ಅಧ್ಯಕ್ಷ ಅಪ್ಪಾಸಾಹೇಬರು ಎಲ್ಲ ಕೇಳಿ ನಕ್ಕರು. "ಏನವಾ, ನೀ ಸಂಸ್ಥಾ ನಡಸಾಕತ್ತೀಯೋ, ಮಠಾನೋ?"

ಆ ಮೂವತ್ತೊಂದಕ್ಕೂ ಠರಾವು ಮಾಡಿಕೊಡಿರೆಂದು ಅವಳು ಕೇಳಿದಳು. ಇವರಿಗೆ ಹಗಲು ಕೊಟ್ಟರೆ ಆ ರಾತ್ರಿಗಳು ಸಮಿತಿಯವರ ಪಾಲಿಗೇ ಬರುತ್ತವೆ, ಯಾರು ಒಪ್ಪುತ್ತಾರೆ ಎಂದು ಅವರು ಎರಡು ಕಾಗದ ಮುಂದಿಟ್ಟರು. ಒಂದು, ಅವಳನ್ನು ಕೆಲಸದಿಂದ ಬಿಡುಗಡೆ ಮಾಡುವ ಪತ್ರ. ಇನ್ನೊಂದರಲ್ಲಿ, ಎರಡೂ ಯಾದಿ ತಾಳೆ ನೋಡಿದ್ದೇನೆ, ಫರಕಿಲ್ಲ, ಎಂದಿತ್ತು. ಅದಕ್ಕೆ ಅವಳ ಸಹಿ ಬೀಳದೆ ಹಳೆಯದನ್ನು ಮುಚ್ಚುವಂತಿರಲಿಲ್ಲ.

"ಸಹಿ ಮಾಡು. ನಾಕರ ಎಸ್‌ಟಿ ಬಸ್ಸಿಗೆ ಹೋಗು."

"ಹಾಲವ್ವ?"

"ಆಕಿ ಏನರೆ ಮಾಡ್ಕೋತಾಳ. ಮಂದಿ ಸಲುವಾಗಿ ಮಗಳ್ನ ಯಾಕ ಕಾಯಿಸ್ತಿ?"

ಅವಳು ಬಿಡುಗಡೆ ಪತ್ರವನ್ನು ಪೂರ್ತಿ ಓದಿದಳು. ತನ್ನ ಹೆಸರು, ತಾರೀಖು, ಎಲ್ಲ ಸರಿಯಾಗಿತ್ತು. ಎರಡೂ ಕಾಗದ ಜೋಡಿಸಿ ಅವರ ಕಡೆಗೇ ಸರಿಸಿದಳು.

"ಫರಕ ಐತ್ರಿ, ಸಾಹೇಬ್ರ. ನಾ ಸಹಿ ಮಾಡಂಗಿಲ್ಲ."